ಹೀಟರ್‌ಗೆ ಸ್ಮಾರ್ಟ್ ಪ್ಲಗ್: ಆರಿಸುವ ಕೆಲಸ ಅದಕ್ಕೆ, ಹಾಕುವ ಕೆಲಸ ಕೈಗೆ

ಕೋಣೆ ಬೆಚ್ಚಗಾಗಿಸುವ ಎಲೆಕ್ಟ್ರಿಕ್ ಹೀಟರನ್ನು ಸ್ಮಾರ್ಟ್ ಪ್ಲಗ್‌ಗೆ, ಅಂದರೆ ಗೋಡೆಯ ಸಾಕೆಟ್‌ಗೂ ಉಪಕರಣಕ್ಕೂ ನಡುವೆ ಕೂತು ಮೊಬೈಲ್‌ನಿಂದ ಆನ್ ಆಫ್ ಆಗುವ ಪ್ಲಗ್‌ಗೆ, ಸಿಕ್ಕಿಸಬಹುದೇ ಎಂದು ಕೇಳಿದರೆ ಎರಡು ಬಗೆಯ ಉತ್ತರಗಳು ಸಿಗುತ್ತವೆ. ಪ್ಲಗ್‌ನ ಮೇಲೆ 16 ಆಂಪಿಯರ್ ಎಂದು ಬರೆದಿದ್ದರೆ ಸಾಕು ಎನ್ನುವವರು ಕೆಲವರು. ಯಾವ ಕಾರಣಕ್ಕೂ ಕೂಡದು ಎನ್ನುವವರು ಕೆಲವರು. ನಾನು ಎರಡನೆಯವರ ಕಡೆಗೇ ಹೆಚ್ಚು ವಾಲುತ್ತೇನೆ. ಆದರೂ ಒಂದು ಉಪಯೋಗವನ್ನು ಒಪ್ಪುತ್ತೇನೆ. ಆರಿಸಲು ಮರೆತ ಹೀಟರನ್ನು ಆರಿಸುವುದಕ್ಕೆ, ಅದು ಎಷ್ಟು ವಿದ್ಯುತ್ ಎಳೆಯುತ್ತಿದೆ ಎಂದು ತಿಳಿಯುವುದಕ್ಕೆ ಸ್ಮಾರ್ಟ್ ಪ್ಲಗ್ ನಿಜಕ್ಕೂ ನೆರವಾಗುತ್ತದೆ. ಯಾರೂ ನೋಡದಿರುವಾಗ ಹೀಟರನ್ನು ಹಾಕುವುದಕ್ಕೆ ಮಾತ್ರ ಅದನ್ನು ಬಳಸಬಾರದು. ಮುಂದಿನ ಹಂತಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಹೀಟರ್ ಏಕೆ ಬೇರೆ

230 ವೋಲ್ಟ್ ಪೂರೈಕೆಯಲ್ಲಿ 9 ವ್ಯಾಟ್‌ನ ಎಲ್‌ಇಡಿ ದೀಪ ಎಳೆಯುವುದು ಸುಮಾರು 0.04 ಆಂಪಿಯರ್. 2000 ವ್ಯಾಟ್‌ನ ಹೀಟರ್ ಎಳೆಯುವುದು 8.7 ಆಂಪಿಯರ್, ಇನ್ನೂರು ಪಟ್ಟಿಗೂ ಹೆಚ್ಚು. ಅದೂ ನಿಮಿಷಗಳ ಮಟ್ಟಿಗಲ್ಲ, ಗಂಟೆಗಟ್ಟಲೆ.

ಪಿನ್ನೂ ಸಾಕೆಟ್ಟೂ ತಾಗುವ ಜಾಗದಲ್ಲಿ ಸ್ವಲ್ಪವಾದರೂ ಪ್ರತಿರೋಧ ಇದ್ದೇ ಇರುತ್ತದೆ. ಸಾಕೆಟ್ ಹಳತಾಗಿ ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾದರೆ ಆ ಪ್ರತಿರೋಧ ಏರುತ್ತದೆ. ಅದು ಓಮ್‌ನ ಹತ್ತನೇ ಒಂದು ಭಾಗಕ್ಕೆ ಮುಟ್ಟಿತು ಎಂದುಕೊಳ್ಳಿ. ದೀಪಕ್ಕೆ ಅದರಿಂದ ಏನೂ ಆಗದು. 8.7 ಆಂಪಿಯರ್ ಹರಿಯುವಾಗ ಅದೇ ಜಾಗದಲ್ಲಿ ಏಳೂವರೆ ವ್ಯಾಟ್ ಶಾಖ ಹುಟ್ಟುತ್ತದೆ, ಗಾಳಿಯಾಡದ ಪ್ಲಾಸ್ಟಿಕ್ ಗೂಡಿನೊಳಗೆ. ಶಾಖ ತಗಲಿದ ಹಿಡಿತ ಇನ್ನಷ್ಟು ಸಡಿಲಗೊಳ್ಳುತ್ತದೆ, ಲೋಹದ ಮೇಲ್ಮೈ ಕಪ್ಪಾಗುತ್ತದೆ, ಪ್ರತಿರೋಧ ಮತ್ತೆ ಏರುತ್ತದೆ. ಪ್ಲಾಸ್ಟಿಕ್ ಕರಗುವುದು ಹೀಗೆ, ಸದ್ದಿಲ್ಲದೆ, ನಿಧಾನವಾಗಿ.

ಇಲ್ಲಿ ಎಂಸಿಬಿ, ಅಂದರೆ ಹರಿಯುವ ವಿದ್ಯುತ್ ಮಿತಿ ಮೀರಿದರೆ ತಾನೇ ಕಡಿಯುವ ಫಲಕದ ಸ್ವಿಚ್, ಕಾಪಾಡುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಕಾಪಾಡುವುದಿಲ್ಲ. ಸಡಿಲ ಸಂಪರ್ಕದಿಂದ ಹರಿಯುವ ವಿದ್ಯುತ್ ಹೆಚ್ಚಾಗುವುದಿಲ್ಲ, ಕೊಂಚ ಕಡಿಮೆಯೇ ಆಗುತ್ತದೆ. ಹಾಗಾಗಿ ಎಂಸಿಬಿಯ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ಸೋರಿಕೆ ವಿದ್ಯುತ್ತನ್ನು ಪತ್ತೆಹಚ್ಚಿ ಕಡಿತಗೊಳಿಸುವ 30 ಮಿಲಿಆಂಪಿಯರ್‌ನ ಸಾಧನ ಶಾಕ್‌ನಿಂದ ಜೀವ ಉಳಿಸುತ್ತದೆ, ಬಿಸಿಯಾಗುವ ಪಿನ್ನನ್ನು ಅದೂ ಗುರುತಿಸದು. ಇನ್ನೊಂದು ಮಾತು: ಮನೆಗಳಲ್ಲಿ ಬಳಸುವ 16 ಆಂಪಿಯರ್‌ನ ಎಂಸಿಬಿ ಸುಮಾರು 18 ಆಂಪಿಯರ್‌ವರೆಗೆ ಒಂದು ಗಂಟೆ ಬೀಳದೆ, ಅಂದರೆ ವಿದ್ಯುತ್ ಕಡಿಯದೆ, ನಿಲ್ಲುವಂತೆಯೇ ರೂಪಿತವಾಗಿದೆ. ಒಂದು ಗಂಟೆಯೊಳಗೆ ಅದು ಬೀಳಲೇಬೇಕಾದದ್ದು 23 ಆಂಪಿಯರ್ ದಾಟಿದಾಗ. ಅದು ಕಾಯುವುದು ಗೋಡೆಯೊಳಗಿನ ವೈರನ್ನು. ಆ ಸಾಲಿನಲ್ಲಿ ನೀವು ಸಿಕ್ಕಿಸಿದ 10 ಆಂಪಿಯರ್‌ನ ಸ್ಮಾರ್ಟ್ ಪ್ಲಗ್ ಅದರ ಲೆಕ್ಕದಲ್ಲೇ ಇಲ್ಲ.

ಹಂತ 1: ಹೀಟರ್‌ನ ಕೈಪಿಡಿ ಓದಿ

ಪ್ಲಗ್ ಕೊಳ್ಳುವ ಮೊದಲೇ ಹೀಟರ್‌ನೊಂದಿಗೆ ಬಂದ ಕೈಪಿಡಿಯ ಎಚ್ಚರಿಕೆಯ ಪುಟ ತೆರೆಯಿರಿ. ಅನೇಕ ಕೈಪಿಡಿಗಳಲ್ಲಿ ಈ ಅರ್ಥದ ಸಾಲೊಂದು ಇರುತ್ತದೆ: ಟೈಮರ್, ಪ್ರತ್ಯೇಕ ರಿಮೋಟ್ ವ್ಯವಸ್ಥೆ ಅಥವಾ ಹೀಟರನ್ನು ತಾನಾಗಿ ಆನ್ ಮಾಡುವ ಬೇರಾವುದೇ ಸಾಧನದೊಂದಿಗೆ ಬಳಸಬೇಡಿ; ಹೀಟರ್ ಮುಚ್ಚಿಹೋಗಿದ್ದರೆ ಅಥವಾ ಸಲ್ಲದ ಜಾಗದಲ್ಲಿದ್ದರೆ ಬೆಂಕಿ ಹತ್ತಬಹುದು. ಕೋಣೆಯ ಹೀಟರ್‌ಗಳಿಗೆಂದೇ ಇರುವ ಐಇಸಿ 60335-2-30 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇಂಥ ಎಚ್ಚರಿಕೆಗಳಿಗೆ ಜಾಗವಿದೆ.

ಈ ಸಾಲನ್ನು ಕಂಪನಿಗಳು ತಮ್ಮ ಹೊಣೆ ತಪ್ಪಿಸಿಕೊಳ್ಳಲು ಬರೆದದ್ದೆಂದು ತಳ್ಳಿಹಾಕಬೇಡಿ. ಬೆಳಿಗ್ಗೆ ನೀವು ಬಿಟ್ಟುಹೋದ ಕೋಣೆ ಸಂಜೆಗೆ ಹಾಗೆಯೇ ಇರುವುದಿಲ್ಲ. ಯಾರೋ ಒದ್ದೆ ಟವೆಲನ್ನು ಹೀಟರ್ ಮೇಲೆ ಹರವಿರುತ್ತಾರೆ, ಕುರ್ಚಿ ಸರಿದಿರುತ್ತದೆ, ಮಗುವಿನ ಗೊಂಬೆ ಅದರ ಮುಂದೆ ಬಿದ್ದಿರುತ್ತದೆ, ಗಾಳಿಗೆ ಪರದೆ ಅದರತ್ತ ಸರಿದಿರುತ್ತದೆ. ಬಾಗಿ ಗುಂಡಿ ತಿರುಗಿಸುವವರು ಇದನ್ನೆಲ್ಲ ನೋಡಿಯೇ ತಿರುಗಿಸುತ್ತಾರೆ. ಮೊಬೈಲ್‌ನಲ್ಲಿ ಒತ್ತುವವರಿಗೆ ಇದಾವುದೂ ಕಾಣುವುದಿಲ್ಲ.

ಕೈಪಿಡಿ ಬೇಡ ಎಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಗೋಡೆಯ ಸಾಕೆಟ್‌ಗೇ ನೇರವಾಗಿ ಜೋಡಿಸಬೇಕು ಎಂದು ಬರೆದಿದ್ದರೆ ಸ್ಮಾರ್ಟ್ ಪ್ಲಗ್ ಕೂಡ ನಡುವೆ ಬರುವ ಸಾಧನವೇ ಎಂದು ತಿಳಿಯಿರಿ. ಮೊಬೈಲ್ ನಿಯಂತ್ರಣ ಬೇಕೇ ಬೇಕೆಂದಿದ್ದರೆ ತಯಾರಕರೇ ಒಳಗೆ ವೈ-ಫೈ ಕೂರಿಸಿದ ಹೀಟರ್ ಕೊಳ್ಳುವುದು ಲೇಸು. ಅದರಲ್ಲಿ ನಿಯಂತ್ರಣ, ಉಷ್ಣಾಂಶ ನೋಡಿ ತಾನೇ ಆನ್ ಆಫ್ ಮಾಡುವ ಥರ್ಮೋಸ್ಟಾಟ್, ಅತಿಶಾಖದ ತಡೆ ಎಲ್ಲವನ್ನೂ ಒಂದೇ ಯಂತ್ರವಾಗಿ ರೂಪಿಸಿರುತ್ತಾರೆ.

ಹಂತ 2: ನಿಮ್ಮ ಹೀಟರ್ ಯಾವ ಬಗೆಯದು ನೋಡಿ

ಕೆಂಪಗೆ ಕಾಣುವಂತೆ ಉರಿಯುವ ಕ್ವಾರ್ಟ್ಜ್, ಹ್ಯಾಲೊಜೆನ್ ಮತ್ತು ಸುರುಳಿ ತಂತಿಯ ಹೀಟರ್‌ಗಳನ್ನು ಸ್ಮಾರ್ಟ್ ಪ್ಲಗ್‌ಗೆ ಹಾಕಲೇಬೇಡಿ. ಎದುರಿಗಿರುವ ಬಟ್ಟೆಗೆ ಬೆಂಕಿ ಹೊತ್ತಿಸುವಷ್ಟು ತಾಪ ಅವುಗಳಲ್ಲಿದೆ. ಹ್ಯಾಲೊಜೆನ್‌ನಲ್ಲಿ ಇನ್ನೊಂದು ತೊಡಕು: ಟಂಗ್‌ಸ್ಟನ್ ತಂತಿ ತಣ್ಣಗಿರುವಾಗ ಪ್ರತಿರೋಧ ತೀರ ಕಡಿಮೆ, ಆದ್ದರಿಂದ ಆನ್ ಆದ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ ನುಗ್ಗಿ ಪ್ಲಗ್‌ನೊಳಗಿನ ರಿಲೇಗೆ, ಅಂದರೆ ವಿದ್ಯುತ್ ಜೋಡಿಸಿ ಬಿಡಿಸುವ ಸ್ವಿಚ್ಚಿಗೆ, ಪೆಟ್ಟು ಕೊಡುತ್ತದೆ.

ಫ್ಯಾನ್ ಹೀಟರ್‌ಗಳ ಸಮಸ್ಯೆ ಆರಿಸುವಾಗ ಎದುರಾಗುತ್ತದೆ. ಹೀಟರ್‌ನದೇ ಗುಂಡಿಯಿಂದ ಆರಿಸಿದರೆ ಕೆಲವು ಮಾದರಿಗಳಲ್ಲಿ ಫ್ಯಾನ್ ಇನ್ನೂ ಸ್ವಲ್ಪ ಹೊತ್ತು ತಿರುಗಿ ಒಳಗಿನ ಶಾಖವನ್ನು ಹೊರದೂಡುತ್ತದೆ. ಪ್ಲಗ್ ಥಟ್ಟನೆ ವಿದ್ಯುತ್ ಕಡಿದರೆ ಫ್ಯಾನ್ ನಿಲ್ಲುತ್ತದೆ, ಕಾದ ಸುರುಳಿ ಹಾಗೆಯೇ ಉಳಿಯುತ್ತದೆ. ಒಮ್ಮೊಮ್ಮೆ ಹಾಗಾದರೆ ದೊಡ್ಡ ತೊಂದರೆಯಿಲ್ಲ. ದಿನವೂ ಹಾಗೆ ಮಾಡಿದರೆ ಒಳಗಿನ ಭಾಗಗಳನ್ನೇ ಸವೆಸಿದಂತೆ.

ಎಣ್ಣೆ ತುಂಬಿದ ರೇಡಿಯೇಟರ್ ಈ ಕೆಲಸಕ್ಕೆ ಇದ್ದುದರಲ್ಲಿ ಸೂಕ್ತ. ಉರಿಯುವ ಭಾಗ ಹೊರಗೆ ಕಾಣದು, ಫ್ಯಾನ್ ಇಲ್ಲ, ವಿದ್ಯುತ್ ಕಡಿದರೂ ಒಳಗೆ ಏನೂ ಕೆಡದು. ಅದರಲ್ಲೂ 1000 ವ್ಯಾಟ್ ಆಸುಪಾಸಿನದನ್ನು, ಅಥವಾ ಅರ್ಧ ಶಕ್ತಿಯಲ್ಲಿ ಓಡಿಸಬಹುದಾದುದನ್ನು ಆರಿಸಿಕೊಳ್ಳಿ. ವಿದ್ಯುತ್ ಅರ್ಧವಾದರೆ ಸಂಪರ್ಕದ ಜಾಗದಲ್ಲಿ ಹುಟ್ಟುವ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಇಷ್ಟು ಸುಲಭವಾಗಿ ಇಷ್ಟು ಸುರಕ್ಷತೆ ಕೊಡುವ ಬೇರೆ ಉಪಾಯ ನನಗೆ ಕಾಣದು. ಉರುಳಿದರೆ ತಾನೇ ಆರುವ ಸ್ವಿಚ್ ಮತ್ತು ಅತಿಶಾಖದ ತಡೆ ಎರಡೂ ಇರಲೇಬೇಕು. ಉರುಳಿದಾಗ ಆರುವ ಸ್ವಿಚ್ ಸರಿಯಿದೆಯೇ ಎಂದು ಪರೀಕ್ಷಿಸಲು ಹೀಟರ್ ಆನ್ ಇರುವಾಗ ಅದನ್ನು ಒಂದು ಬದಿಗೆ ವಾಲಿಸಿ ನೋಡಿದರೆ ಸಾಕು, ದೀಪ ಆರಬೇಕು.

ಹಂತ 3: ಲೆಕ್ಕ ಹಾಕಿ

ಹೀಟರ್‌ನ ಹಿಂಬದಿಯ ಚೀಟಿಯಲ್ಲಿ ಬರೆದ ವ್ಯಾಟ್ ಸಂಖ್ಯೆಯನ್ನು ವೋಲ್ಟ್‌ನಿಂದ ಭಾಗಿಸಿ, ಸಿಗುವುದು ಆಂಪಿಯರ್. 230 ವೋಲ್ಟ್‌ನಲ್ಲಿ 1500 ವ್ಯಾಟ್‌ಗೆ 6.5, 2000ಕ್ಕೆ 8.7, 3000ಕ್ಕೆ 13 ಆಂಪಿಯರ್. 120 ವೋಲ್ಟ್ ಇರುವಲ್ಲಿ 1500 ವ್ಯಾಟ್ ಹೀಟರೇ 12.5 ಆಂಪಿಯರ್ ಎಳೆಯುತ್ತದೆ.

ಗಂಟೆಗಟ್ಟಲೆ ಓಡುವ ಉಪಕರಣಕ್ಕೆ ಪ್ಲಗ್‌ನ ಸಾಮರ್ಥ್ಯದ ಶೇ 80ಕ್ಕಿಂತ ಹೆಚ್ಚು ಹೊರಿಸಬಾರದು. ಅಂದರೆ 16 ಆಂಪಿಯರ್ ಪ್ಲಗ್‌ಗೆ 12.8, 15ರದಕ್ಕೆ 12, 10ರದಕ್ಕೆ 8 ಆಂಪಿಯರ್ ಮಿತಿ. 10 ಆಂಪಿಯರ್ ಪ್ಲಗ್‌ಗೆ 2000 ವ್ಯಾಟ್ ಹೀಟರ್ ಹಾಕಿದರೆ ಕಾಗದದ ಮೇಲೆ ಸರಿಯೆನಿಸುತ್ತದೆ, ವಾಸ್ತವದಲ್ಲಿ ಅದು ಮಿತಿ ಮೀರಿದ ಹೊರೆ. ವೋಲ್ಟೇಜ್ ಏರಿದಾಗಲಂತೂ ಇನ್ನೂ ಬಿಗಡಾಯಿಸುತ್ತದೆ: 230 ವೋಲ್ಟ್‌ಗೆ 2000 ವ್ಯಾಟ್ ಎಂದಿರುವ ಹೀಟರ್ 250 ವೋಲ್ಟ್ ಸಿಕ್ಕರೆ ಸುಮಾರು 2360 ವ್ಯಾಟ್ ಮತ್ತು 9.4 ಆಂಪಿಯರ್ ಎಳೆಯುತ್ತದೆ.

ಹಂತ 4: ಪ್ಲಗ್ ಆರಿಸಿಕೊಳ್ಳಿ

ಮೇಲಿನ ಲೆಕ್ಕಕ್ಕೆ ಹೊಂದುವ ಆಂಪಿಯರ್ ಅಂಕಿ ಪ್ಲಗ್‌ನ ಮೈಮೇಲೆಯೇ ಅಚ್ಚಾಗಿರಬೇಕು, ಜಾಹೀರಾತಿನಲ್ಲಿ ಇದ್ದರೆ ಸಾಲದು. ನಿಮ್ಮಲ್ಲಿನ ಅಧಿಕೃತ ಸುರಕ್ಷತಾ ಪ್ರಮಾಣದ ಗುರುತು ಇರಬೇಕು. ವಿದ್ಯುತ್ ಬಳಕೆಯನ್ನು ಅಳೆಯುವ ಮೀಟರ್ ಇರುವ ಮಾದರಿಯನ್ನೇ ಕೊಳ್ಳಿ. ಅದಿಲ್ಲದ ಪ್ಲಗ್ ಒಳಗಿನ ಕೆಡುಕನ್ನು ನಿಮಗೆ ತಿಳಿಸಲಾರದು.

ಪ್ಲಗ್‌ನೊಳಗೆ ಹೀಟರ್‌ನ ವಿದ್ಯುತ್ತನ್ನು ಜೋಡಿಸಿ ಬಿಡಿಸುವುದು ರಿಲೇ. ಹೊರೆ ಇರುವಾಗ ಪ್ರತಿ ಬಾರಿ ಸಂಪರ್ಕ ಬಿಡಿಸಿದಾಗ ಅದರ ಎರಡು ಲೋಹದ ತುದಿಗಳ ನಡುವೆ ಸಣ್ಣ ಕಿಡಿ ಹಾರುತ್ತದೆ. ಕಾಲಕ್ರಮದಲ್ಲಿ ಆ ತುದಿಗಳು ಸವೆದು, ಕೆಲವೊಮ್ಮೆ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆಗ ಆ್ಯಪ್‌ನಲ್ಲಿ ಆಫ್ ಎಂದು ಕಾಣುತ್ತದೆ, ಹೀಟರ್ ಮಾತ್ರ ಉರಿಯುತ್ತಲೇ ಇರುತ್ತದೆ. ಈ ವೈಫಲ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನೆಲ್ಲ ಓದಿ.

ಇನ್ನೊಂದು ಸಂಗತಿ. ಬಹುತೇಕ ಸ್ಮಾರ್ಟ್ ಪ್ಲಗ್‌ಗಳು ಒಂದೇ ತಂತಿಯನ್ನು ಕಡಿಯುತ್ತವೆ. ಆಫ್ ಮಾಡಿದರೂ ಹೀಟರ್‌ಗೆ ವಿದ್ಯುತ್ತಿನ ನಂಟು ಪೂರ್ತಿ ಕಡಿಯಿತು ಎನ್ನಲಾಗದು. ಧೂಳು ಒರೆಸುವ ಮೊದಲು ಪಿನ್ ಕಿತ್ತಿಡಿ.

ಹಂತ 5: ಗೋಡೆಯ ಸಾಕೆಟ್ ಪರೀಕ್ಷಿಸಿ

ಅತ್ಯುತ್ತಮ ಪ್ಲಗ್ ಕೂಡ ಕೆಟ್ಟ ಸಾಕೆಟ್‌ನಲ್ಲಿ ಸುಡುತ್ತದೆ. 6 ಮತ್ತು 16 ಆಂಪಿಯರ್ ಎಂದು ಎರಡು ಅಳತೆಯ ಸಾಕೆಟ್‌ಗಳಿರುವ ಮನೆಗಳಲ್ಲಿ ಹೀಟರ್‌ಗೆ ದೊಡ್ಡದೇ ಆಗಬೇಕು. ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಚಿಕ್ಕದರಲ್ಲಿ ತೂರಿಸಬಾರದು. ಪಿನ್ ಒಳಗೆ ಬಿಗಿಯಾಗಿ ಕೂರಬೇಕು. ಪ್ಲಗ್‌ನ ತೂಕಕ್ಕೆ ಸಾಕೆಟ್ ಜೋತುಬಿದ್ದರೆ, ಅಲ್ಲಾಡಿದರೆ, ಸುತ್ತ ಕಂದು ಕಲೆ ಇದ್ದರೆ, ಸಿಕ್ಕಿಸುವಾಗ ಚಟಪಟ ಸದ್ದು ಬಂದರೆ ಮೊದಲು ಸಾಕೆಟ್ ಬದಲಿಸಬೇಕು. ಅದನ್ನು ಅರಿತ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ, ಹಾಗೆಯೇ ಅರ್ಥಿಂಗ್ ನಿಜವಾಗಿಯೂ ಇದೆಯೇ ಎಂದು ಅಳೆಸಿ.

ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಗೋಡೆ, ಬೋರ್ಡ್, ಸ್ಮಾರ್ಟ್ ಪ್ಲಗ್, ಹೀಟರ್ ಎಂದು ಸರಪಳಿ ಬೆಳೆದಷ್ಟೂ ಬಿಸಿಯಾಗುವ ಸಂಪರ್ಕಗಳು ಹೆಚ್ಚುತ್ತವೆ. ಪ್ಲಗ್ ಸೋಫಾ ಅಥವಾ ಮಂಚದ ಹಿಂದೆ ಮರೆಯಾಗಬಾರದು. ಕೈಗೆ ಎಟಕುವಂತೆ, ಕಣ್ಣಿಗೆ ಬೀಳುವಂತೆ, ಹೀಟರ್‌ನ ಬಿಸಿಗಾಳಿ ತಾಗದಂತೆ ಇರಬೇಕು. ಹೀಟರ್‌ನ ಸುತ್ತ ಎಲ್ಲ ಕಡೆ ಒಂದು ಮೀಟರ್ ತೆರವಿರಲಿ. ಸಾಕೆಟ್‌ನ ನೇರ ಕೆಳಗೆ ಹೀಟರ್ ಇಡಬೇಡಿ.

ಹಂತ 6: ಆ್ಯಪ್‌ನ ಹೊಂದಿಕೆಗಳು

ಇದನ್ನೆಲ್ಲ ಮೊದಲು ಸಣ್ಣ ಟೇಬಲ್ ದೀಪ ಸಿಕ್ಕಿಸಿ ಪರೀಕ್ಷಿಸಿ. ಪ್ಲಗ್ ಹೇಗೆ ನಡೆದುಕೊಳ್ಳುತ್ತದೆ ಎಂದು ಖಾತ್ರಿಯಾದ ಮೇಲೆಯೇ ಹೀಟರ್.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು, ಕರೆಂಟ್ ಹೋಗಿ ಮರಳಿ ಬಂದಾಗ ಪ್ಲಗ್ ಏನು ಮಾಡುತ್ತದೆ ಎಂಬುದು. ಆನ್ ಆಗು, ಆಫ್ ಆಗಿಯೇ ಇರು, ಹಿಂದಿದ್ದ ಸ್ಥಿತಿಗೆ ಮರಳು ಎಂಬ ಮೂರು ಆಯ್ಕೆಗಳು ಸಾಮಾನ್ಯವಾಗಿ ಇರುತ್ತವೆ. ಇಲ್ಲಿ ಆಫ್ ಒಂದೇ ಸರಿ. ನೀವು ಮನೆಯಲ್ಲಿಲ್ಲದಾಗ ಕರೆಂಟ್ ಬಂದು ಹೀಟರ್ ತಾನಾಗಿ ಹೊತ್ತಿಕೊಳ್ಳುವ ಸಾಧ್ಯತೆಯನ್ನು ಈ ಒಂದು ಹೊಂದಿಕೆ ಮುಚ್ಚುತ್ತದೆ. ದೀಪ ಉರಿಯುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿ, ಮತ್ತೆ ಹಾಕಿ ನೋಡಿ, ದೀಪ ಉರಿಯಬಾರದು. ಈ ಆಯ್ಕೆಯೇ ಇಲ್ಲದ ಪ್ಲಗ್ ಹೀಟರ್‌ಗೆ ತಕ್ಕುದಲ್ಲ.

ಎರಡನೆಯದು ಸ್ವಯಂ ಆಫ್ ಟೈಮರ್. ಆನ್ ಮಾಡಿದ ಇಷ್ಟು ಹೊತ್ತಿಗೆ ತಾನೇ ಆರುವಂತೆ, ಪ್ರತಿ ಬಾರಿಯೂ ಅನ್ವಯಿಸುವ ಹಾಗೆ ಇಡಿ. ಒಂದು ಗಂಟೆ ಸಾಕು. ಇನ್ನೂ ಬೇಕೆನಿಸಿದರೆ ಎದ್ದುಹೋಗಿ ಮತ್ತೆ ಒತ್ತಬಹುದು, ಆ ನೆಪದಲ್ಲಿ ಹೀಟರ್ ಸುತ್ತ ಒಮ್ಮೆ ನೋಡಿದಂತೆಯೂ ಆಗುತ್ತದೆ. ಈ ಟೈಮರ್ ಪ್ಲಗ್‌ನೊಳಗೇ ಓಡುತ್ತದೆಯೋ, ಇಂಟರ್‌ನೆಟ್‌ನಲ್ಲಿರುವ ದೂರದ ಸರ್ವರ್‌ನಿಂದ ಆಜ್ಞೆ ಬರಬೇಕೋ ಎಂಬುದು ಬಹಳ ಮುಖ್ಯ. ತಿಳಿಯುವ ದಾರಿ ಸುಲಭ: ದೀಪಕ್ಕೆ ಐದು ನಿಮಿಷದ ಟೈಮರ್ ಇಟ್ಟು, ವೈ-ಫೈ ರೂಟರ್ ಆರಿಸಿಬಿಡಿ. ಐದು ನಿಮಿಷಕ್ಕೆ ದೀಪ ಆರಿದರೆ ಟೈಮರ್ ಪ್ಲಗ್‌ನೊಳಗಿದೆ. ಆರದಿದ್ದರೆ ಆ ಪ್ಲಗ್ ದೀಪಕ್ಕೇ ಇರಲಿ.

ಹೊರೆಯ ಮಿತಿ ಇಡುವ ಸೌಕರ್ಯವಿದ್ದರೆ ಹೀಟರ್‌ನ ವ್ಯಾಟ್‌ಗಿಂತ ತುಸು ಮೇಲೆ ಇಡಿ. ಸಮಯಪಟ್ಟಿಗಳು, ಮನೆಯಲ್ಲಿ ಯಾರೋ ಇದ್ದಾರೆಂದು ತೋರಿಸಲು ಮನಬಂದಂತೆ ಆನ್ ಆಗುವ ವ್ಯವಸ್ಥೆ, ಎಲ್ಲ ದೀಪ ಹಾಕು ಎಂದರೆ ಒಟ್ಟಿಗೆ ಆನ್ ಆಗುವ ಗುಂಪುಗಳು, ಧ್ವನಿ ಸಹಾಯಕ ಇವೆಲ್ಲದರಿಂದ ಈ ಪ್ಲಗನ್ನು ತೆಗೆದುಹಾಕಿ. ಖಾತೆಗೆ ಎರಡು ಹಂತದ ಪರಿಶೀಲನೆ ಇರಲಿ.

ಬೇರೆ ಕೋಣೆಯ ಉಷ್ಣಾಂಶ ಸಂವೇದಕ ಕೊಟ್ಟ ಅಂಕಿಯಂತೆ ಪ್ಲಗ್ ಆನ್ ಆಫ್ ಆಗುವ ಜೋಡಣೆಯನ್ನು ಕೆಲವರು ಮೆಚ್ಚುತ್ತಾರೆ. ನಾನು ಅದನ್ನು ವಿರೋಧಿಸುತ್ತೇನೆ. ಸಂವೇದಕದ ಬ್ಯಾಟರಿ ಮುಗಿದು ಕೊನೆಯ ಅಂಕಿಯಲ್ಲೇ ನಿಂತುಬಿಟ್ಟರೆ ಕೋಣೆ ಇನ್ನೂ ತಣ್ಣಗಿದೆ ಎಂದೇ ವ್ಯವಸ್ಥೆ ತಿಳಿಯುತ್ತದೆ. ಜೊತೆಗೆ ಹೀಗೆ ಪದೇ ಪದೇ ಕಡಿದು ಜೋಡಿಸುವುದರಿಂದ ರಿಲೇ ಬೇಗ ಸವೆಯುತ್ತದೆ. ಉಷ್ಣಾಂಶ ಕಾಯುವುದನ್ನು ಹೀಟರ್‌ನ ಸ್ವಂತ ಥರ್ಮೋಸ್ಟಾಟ್‌ಗೆ ಬಿಡಿ.

ಹಂತ 7: ಮೊದಲ ಬಾರಿ ಓಡಿಸುವಾಗ

ಹೀಟರ್ ಸಿಕ್ಕಿಸಿ, ಕಡಿಮೆ ಶಕ್ತಿಯಲ್ಲಿ ಹಾಕಿ ಪಕ್ಕದಲ್ಲೇ ಇರಿ. ಹತ್ತು ನಿಮಿಷಕ್ಕೆ, ಅರ್ಧ ಗಂಟೆಗೆ, ಒಂದು ಗಂಟೆಗೆ ಪ್ಲಗ್‌ನ ಮೈ, ಸಾಕೆಟ್‌ನ ಫಲಕ, ಹೀಟರ್‌ನ ಪಿನ್ ಹಿಡಿ, ವೈರ್ ಇವುಗಳನ್ನು ಹಿಂಗೈಯಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಅಲ್ಲಿಗೆ ಮುಗಿಯಿತು, ಆ ಜೋಡಿ ಹೊಂದುವುದಿಲ್ಲ. ಎಲ್ಲ ಸರಿಯಿದ್ದರೆ ನೀವು ನಿಜವಾಗಿ ಬಳಸುವ ಶಕ್ತಿಯಲ್ಲಿ ಇದೇ ಪರೀಕ್ಷೆ ಮತ್ತೊಮ್ಮೆ. ಆ್ಯಪ್ ತೋರಿಸುವ ವ್ಯಾಟ್ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಹೋಲಿಸಲು ಬೇಕು. ಕೊನೆಗೆ ಆರಿಸಿ, ಪಿನ್ ಕಿತ್ತು, ಬಣ್ಣ ಬದಲಾಗಿದೆಯೇ ನೋಡಿ.

ಹಂತ 8: ದಿನದ ಬಳಕೆಯ ಕ್ರಮ

ಗುಂಡಿ ತಿರುಗಿಸುವ ಹೀಟರ್‌ಗಳಿಗೆ ಈ ಕ್ರಮ ರೂಢಿ ಮಾಡಿಕೊಳ್ಳಿ. ಹಾಕುವಾಗ ಹೀಟರ್‌ನ ಗುಂಡಿ ಸೊನ್ನೆಯಲ್ಲಿರಬೇಕು. ಮೊದಲು ಪ್ಲಗ್‌ನ ಮೈಮೇಲಿನ ಬಟನ್ ಒತ್ತಿ, ಆಮೇಲೆ ಹೀಟರ್‌ನ ಗುಂಡಿ ತಿರುಗಿಸಿ. ಆರಿಸುವಾಗ ಮೊದಲು ಗುಂಡಿ ಸೊನ್ನೆಗೆ, ಆಮೇಲೆ ಪ್ಲಗ್ ಆಫ್. ಇದರಿಂದ ರಿಲೇ ಹೊರೆಯಿಲ್ಲದಾಗಲೇ ಜೋಡಿ ಬಿಡುತ್ತದೆ, ಕಿಡಿ ಹಾರುವುದಿಲ್ಲ, ಬಾಳಿಕೆ ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಗುಂಡಿ ಸೊನ್ನೆಯಲ್ಲಿದ್ದರೆ ಆ್ಯಪ್‌ನಲ್ಲಿ ಯಾರು ಏನು ಒತ್ತಿದರೂ ಹೀಟರ್ ಉರಿಯಲಾರದು. ಟೈಮರೇ ಹೀಟರನ್ನು ಆರಿಸಿದ ದಿನ ಗುಂಡಿ ಇನ್ನೂ ಮೇಲೆಯೇ ಇರುತ್ತದೆ. ಕೋಣೆಗೆ ಹೋದ ಕೂಡಲೇ ಅದನ್ನು ಸೊನ್ನೆಗೆ ತನ್ನಿ.

ಒತ್ತು ಬಟನ್ ಮತ್ತು ಅಂಕಿ ಪರದೆ ಇರುವ ಹೀಟರ್‌ಗಳಲ್ಲಿ ಕೆಲವು ವಿದ್ಯುತ್ ಮರಳಿದಾಗ ಸುಮ್ಮನೆ ಕಾಯುವ ಸ್ಥಿತಿಯಲ್ಲೇ ಉಳಿಯುತ್ತವೆ. ಇದನ್ನು ಕೊರತೆ ಎಂದು ದೂರುವವರಿದ್ದಾರೆ. ನಮ್ಮ ಉದ್ದೇಶಕ್ಕೆ ಅದು ವರವೇ.

ಮಲಗುವ ಮುನ್ನ, ಮನೆಯಿಂದ ಹೊರಡುವ ಮುನ್ನ ಹೀಟರ್ ಆರಿರಬೇಕು. ತಾನಾಗಿ ಎದ್ದು ಹೊರಬರಲಾರದ ಕೂಸು ಅಥವಾ ಹಾಸಿಗೆ ಹಿಡಿದವರು ಒಬ್ಬರೇ ಇರುವ ಕೋಣೆಯಲ್ಲಿ ಸ್ಮಾರ್ಟ್ ಪ್ಲಗ್ ನಂಬಿ ಹೀಟರ್ ಬಿಟ್ಟುಹೋಗಬೇಡಿ. ಕೋಣೆಯಲ್ಲಿ ಹೊಗೆ ಪತ್ತೆಹಚ್ಚುವ ಅಲಾರಂ ಇರಲಿ.

ಹಂತ 9: ಕೆಡುಕಿನ ಸುಳಿವುಗಳು

ಚಳಿಯ ದಿನಗಳಲ್ಲಿ ತಿಂಗಳಿಗೊಮ್ಮೆ ರಿಲೇ ಪರೀಕ್ಷಿಸಿ. ಹೀಟರ್ ಕಡಿಮೆ ಶಕ್ತಿಯಲ್ಲಿ ಓಡುತ್ತಿರುವಾಗ ಆ್ಯಪ್‌ನಿಂದ ಆಫ್ ಮಾಡಿ. ಕ್ಲಿಕ್ ಸದ್ದು ಕೇಳಬೇಕು, ಹೀಟರ್‌ನ ದೀಪ ಆರಬೇಕು, ಮೀಟರ್ ಸೊನ್ನೆಗೆ ಇಳಿಯಬೇಕು. ಆಫ್ ಎಂದಿದ್ದೂ ವ್ಯಾಟ್ ಕಾಣುತ್ತಿದ್ದರೆ ರಿಲೇ ಬೆಸೆದುಕೊಂಡಿದೆ. ಅಂಥ ಪ್ಲಗನ್ನು ತಟ್ಟಿ ಕುಟ್ಟಿ ಸರಿಪಡಿಸಬೇಡಿ, ದೀಪಕ್ಕಾದರೂ ಇರಲಿ ಎಂದು ಉಳಿಸಿಕೊಳ್ಳಲೂಬೇಡಿ. ಆಫ್ ಸ್ಥಿತಿಯಲ್ಲಿ ವಿದ್ಯುತ್ ಹರಿದರೆ ಮೊಬೈಲ್‌ಗೆ ಸೂಚನೆ ಬರುವಂತೆ ಕೆಲವು ಆ್ಯಪ್‌ಗಳಲ್ಲಿ ಇಡಬಹುದು.

ಮೀನಿನಂಥ ಅಥವಾ ಸುಟ್ಟ ಪ್ಲಾಸ್ಟಿಕ್‌ನ ವಾಸನೆ, ಗುಂಯ್‌ಗುಡುವ ಸದ್ದು, ಪ್ಲಗ್ ಪದೇ ಪದೇ ವೈ-ಫೈ ಕಳೆದುಕೊಳ್ಳುವುದು, ಮೊದಲಿಗಿಂತ ಹೆಚ್ಚು ಬಿಸಿಯಾಗುವುದು, ಬಿಳಿ ಮೈ ಹಳದಿಗೆ ತಿರುಗುವುದು ಇವು ಯಾವುದನ್ನೂ ನಾಳೆ ನೋಡೋಣ ಎಂದು ಬಿಡುವಂತಿಲ್ಲ. ಹೊಗೆ ಬಂದರೆ ಪ್ಲಗ್ ಮುಟ್ಟಬೇಡಿ. ಮುಖ್ಯ ಫಲಕದಲ್ಲಿ ವಿದ್ಯುತ್ ಕಡಿಯಿರಿ, ನೀರು ಸುರಿಯಬೇಡಿ. ಬೆಂಕಿ ಕಂಡರೆ ಎಲ್ಲರನ್ನೂ ಹೊರಗೆ ಕರೆದೊಯ್ದು ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಪ್ಲಗ್ ಸುಟ್ಟಿದ್ದರೆ ಅದೊಂದನ್ನೇ ಬದಲಿಸಿ ಕೆಲಸ ಮುಂದುವರಿಸಬಾರದು. ಅದನ್ನು ಹಿಡಿದಿದ್ದ ಸಾಕೆಟ್‌ನ ಒಳಹಿಡಿತವೂ ಸುಟ್ಟು ಬಿಗಿ ಕಳೆದುಕೊಂಡಿರುತ್ತದೆ, ಹಿಂದಿನ ವೈರ್‌ನ ಹೊದಿಕೆ ಸುಕ್ಕುಗಟ್ಟಿರುತ್ತದೆ. ಎರಡನ್ನೂ ಬದಲಿಸಬೇಕು. ಹೀಟರ್‌ನ ಪಿನ್ ಕಪ್ಪಾಗಿದ್ದರೆ ಅದನ್ನೂ.

ಎಲ್ಲಿ ಬೇಡವೇ ಬೇಡ, ಬದಲಿಗೆ ಏನು

ನೀರಿನಲ್ಲಿ ಮುಳುಗಿಸುವ ಹೀಟರ್ ರಾಡ್‌ಗೆ ಸ್ಮಾರ್ಟ್ ಪ್ಲಗ್ ಕೂಡದು: ನೀರಿಲ್ಲದಾಗ ಆನ್ ಆದರೆ ರಾಡ್ ಸುಟ್ಟುಹೋಗುತ್ತದೆ, ಆರಿದೆ ಎಂದು ನಂಬಿ ನೀರಿಗೆ ಕೈಹಾಕಿದರೆ ಪ್ರಾಣಕ್ಕೇ ಅಪಾಯ. ಸ್ನಾನದ ಮನೆಯೊಳಗೂ ಬೇಡ. 3000 ವ್ಯಾಟ್‌ನ ಗೀಸರ್‌ಗೂ ಬೇಡ.

ಗೋಡೆಗೆ ಕಾಯಂ ಕೂರಿಸಿದ ಪ್ಯಾನೆಲ್ ಹೀಟರ್ ಅಥವಾ ಗೀಸರನ್ನು ದೂರದಿಂದ ನಿಯಂತ್ರಿಸಬೇಕೆಂದರೆ ಅದಕ್ಕೆ ತಕ್ಕ ದಾರಿ ಕಾಂಟ್ಯಾಕ್ಟರ್, ಅಂದರೆ ಭಾರಿ ಹೊರೆಗೆಂದೇ ಮಾಡಿದ, ಸುರುಳಿಯಿಂದ ನಡೆಯುವ ದೊಡ್ಡ ಸ್ವಿಚ್. ತಯಾರಕರು ಒಪ್ಪಿದ ಮೇಲೆ, ಎಲೆಕ್ಟ್ರಿಷಿಯನ್ ಇದನ್ನು ವಿದ್ಯುತ್ ಫಲಕದೊಳಗೆ ಕೂರಿಸುತ್ತಾರೆ. ಹೀಟರ್‌ನ ಭಾರಿ ವಿದ್ಯುತ್ ಕಾಂಟ್ಯಾಕ್ಟರ್ ಮೂಲಕ ಹರಿಯುತ್ತದೆ, ಸ್ಮಾರ್ಟ್ ಸ್ವಿಚ್ ಅದರ ಸುರುಳಿಗೆ ಬೇಕಾದ ಅತ್ಯಲ್ಪ ವಿದ್ಯುತ್ತನ್ನಷ್ಟೇ ಆಳುತ್ತದೆ. ಕೊಳ್ಳುವಾಗ ಎಸಿ-1 ವರ್ಗದಲ್ಲಿ ಎಷ್ಟು ಆಂಪಿಯರ್ ಎಂದು ಕೇಳಿ. ಹೀಟರ್‌ನಂಥ ಹೊರೆಗೆ ಅನ್ವಯಿಸುವುದು ಆ ಅಂಕಿ. ಗೋಡೆಯ ಹೀಟರ್ ಜಾಗ ಬದಲಿಸುವುದಿಲ್ಲ, ಉರುಳುವುದಿಲ್ಲ. ಅದರ ಮುಂದಿನ ಜಾಗ ಸದಾ ತೆರವಾಗಿರುವಂತೆ ಮತ್ತು ಅದರ ಮೇಲೆ ಬಟ್ಟೆ ಒಣಹಾಕದಂತೆ ನೋಡಿಕೊಂಡರೆ, ಸಮಯಕ್ಕೆ ತಾನಾಗಿ ಆನ್ ಆಗುವ ಅನುಕೂಲ ಅಲ್ಲಿ ಒಪ್ಪಬಹುದಾದದ್ದು.